ಮಗಳಿಗೊಂದು ಪತ್ರ: ವಿಮಾನದ ವಿಮೆಗೆ ಬ್ರೋಕರ್ ಹುಡುಕುವ ಮುನ್ನ

ಪ್ರೀತಿಯ ಪುಟ್ಟಿ,

ನಾಲ್ಕು ಸೀಟಿನ ಆ ವಿಮಾನವನ್ನೇ ಕೊಳ್ಳುವುದು ಅಂತ ಗಟ್ಟಿ ಮಾಡಿದ್ದೀಯಲ್ಲ, ತುಂಬಾ ಖುಷಿಯಾಯಿತು. ಆದರೆ ವಿಮೆಯ ಮಾತು ಬಂದಾಗ, "ನಾಲ್ಕೈದು ಬ್ರೋಕರ್‌ಗಳಿಗೆ ವಿವರ ಕಳಿಸಿಬಿಡ್ತೀನಿ ಅಮ್ಮ, ಯಾರು ಕಡಿಮೆ ಹೇಳ್ತಾರೋ ಅವರ ಹತ್ತಿರ ಮಾಡಿಸ್ತೀನಿ" ಅಂದೆ. ದಯವಿಟ್ಟು ಅದೊಂದು ಮಾಡಬೇಡ. ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲೇ ಕೆಲಸ ಮಾಡಿದವಳು ನಾನು. ಇದನ್ನು ನಿನಗೆ ಹೇಳದೆ ಇರಲಾರೆ.

ಕಾರಿನ ವಿಮೆಗೆ ಆ ದಾರಿ ನಡೆಯುತ್ತದೆ. ವಿಮಾನಕ್ಕೆ ನಡೆಯುವುದಿಲ್ಲ. ಸಣ್ಣ ವಿಮಾನಗಳಿಗೆ ವಿಮೆ ಕೊಡುವ ಕಂಪನಿಗಳೇ ಬೆರಳೆಣಿಕೆಯಷ್ಟು. ಬ್ರೋಕರ್‌ಗಳೆಲ್ಲ ಸುತ್ತಿ ಬಳಸಿ ಹೋಗುವುದು ಅದೇ ಬಾಗಿಲುಗಳಿಗೆ. ಸಾಮಾನ್ಯವಾಗಿ ನಿನ್ನ ವಿವರವನ್ನು ಮೊದಲು ತಂದ ಬ್ರೋಕರ್‌ಗೆ ಮಾತ್ರ ಕಂಪನಿ ದರ ಹೇಳುತ್ತದೆ. ಆಮೇಲೆ ಬಂದವರನ್ನು ವಾಪಸ್ ಕಳಿಸುತ್ತದೆ. ನೀನು ಐದು ಜನರಿಗೆ ಕಳಿಸಿದರೆ ಒಬ್ಬೊಬ್ಬರಿಗೆ ಒಂದೆರಡು ಕಂಪನಿ ಸಿಕ್ಕೀತು, ಎಲ್ಲ ದರಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಲು ಯಾರಿಂದಲೂ ಆಗುವುದಿಲ್ಲ. ಕೊನೆಗೆ "ಇನ್ನು ಮುಂದೆ ಇವರೇ ನನ್ನ ಬ್ರೋಕರ್" ಅಂತ ಸಹಿ ಹಾಕಿದ ಪತ್ರ ಕೊಟ್ಟು ಗೋಜಲು ಬಿಡಿಸಬೇಕಾಗುತ್ತದೆ. ಮಾತಾಡುವುದಾದರೆ ಎಷ್ಟು ಜನರ ಹತ್ತಿರವಾದರೂ ಮಾತಾಡು. ನಿನ್ನ ಹೆಸರು, ವಿಮಾನದ ನೋಂದಣಿ ಸಂಖ್ಯೆ ಹಿಡಿದು ಕಂಪನಿಗಳ ಬಳಿ ಹೋಗುವ ಒಪ್ಪಿಗೆಯನ್ನು ಮಾತ್ರ ಒಬ್ಬರಿಗೇ ಕೊಡು.

ಆ ಒಬ್ಬರು ಯಾರು? ಅವರು ನಿನ್ನನ್ನು ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸು. ಒಟ್ಟು ಎಷ್ಟು ಗಂಟೆ ಹಾರಿಸಿದ್ದೀಯ, ಇದೇ ಮಾಡೆಲ್‌ನಲ್ಲಿ ಎಷ್ಟು ಗಂಟೆ, ಚಕ್ರ ಒಳಗೆ ಮಡಚುವ ವಿಮಾನ ಹಾರಿಸಿದ್ದೀಯಾ, ಹ್ಯಾಂಗರ್‌ನಲ್ಲಿ ನಿಲ್ಲಿಸುತ್ತೀಯೋ ಬಯಲಲ್ಲೋ, ಬೇರೆ ಯಾರು ಹಾರಿಸುತ್ತಾರೆ, ಸಾಲ ಇದೆಯಾ. ಕಂಪನಿ ದರ ಕಟ್ಟುವುದು ಇವುಗಳ ಮೇಲೆ. ಇದ್ಯಾವುದನ್ನೂ ಕೇಳದೆ ವಿಮಾನದ ಬೆಲೆ ಮಾತ್ರ ಬರೆದುಕೊಂಡವರಿಗೆ ಈ ಕೆಲಸ ಹೊಸದು ಅಂತಲೇ ಅರ್ಥ. ನೀನೂ ಕೇಳು: ಎಷ್ಟು ಕಂಪನಿಗಳ ದರ ತರಬಲ್ಲಿರಿ, ಯಾವುದು ನಿಮಗೆ ಸಿಗುವುದಿಲ್ಲ, ಕಮಿಷನ್ ಬಿಟ್ಟು ಬೇರೆ ಫೀಸು ಇದೆಯಾ, ಕ್ಲೇಮ್ ಬಂದ ದಿನ ಫೋನ್ ಎತ್ತುವವರು ಯಾರು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಪಾಲಿಸಿಯ ಪೈಲಟ್ ಷರತ್ತು. ವಿಮಾನವನ್ನು ಯಾರು ಹಾರಿಸಬಹುದು ಅಂತ ಅದರಲ್ಲಿರುತ್ತದೆ. ಹೆಸರು ಬರೆಸಿದವರು, ಇಲ್ಲವೇ ಇಂತಿಷ್ಟು ಗಂಟೆ ಹಾರಿಸಿದ ಯಾರಾದರೂ ಅಂತ. ಎರಡನೆಯದನ್ನು ಓದಿ "ಹಾಗಾದ್ರೆ ನನ್ನ ಗೆಳತಿಗೂ ವಿಮೆ ಇದೆ" ಅಂದುಕೊಳ್ಳುವವರೇ ಜಾಸ್ತಿ. ಆ ಷರತ್ತು ಸಾಮಾನ್ಯವಾಗಿ ಕಾಪಾಡುವುದು ಮಾಲೀಕಳಾದ ನಿನ್ನನ್ನು. ಗೆಳತಿಯ ಕೈಯಲ್ಲಿ ವಿಮಾನ ಹಾಳಾದರೆ ಕಂಪನಿ ನಿನಗೆ ಹಣ ಕೊಟ್ಟು, ಆಮೇಲೆ ಅದನ್ನು ಅವಳಿಂದ ವಸೂಲಿ ಮಾಡಲು ಹೋಗಬಹುದು. ಒಳ್ಳೆಯ ಬ್ರೋಕರ್ ಇದನ್ನು ನೀನು ಕೇಳುವ ಮೊದಲೇ ಹೇಳುತ್ತಾರೆ. ನಿನ್ನಂಥ ಹೊಸ ಪೈಲಟ್‌ಗೆ, ಒಬ್ಬಳೇ ಹಾರುವ ಮುನ್ನ ಬೋಧಕರ ಜೊತೆ ಇಷ್ಟು ಗಂಟೆ, ಪ್ರಯಾಣಿಕರನ್ನು ಕೂರಿಸುವ ಮುನ್ನ ಇನ್ನಷ್ಟು ಗಂಟೆ ಅಂತಲೂ ಬರೆದಿರಬಹುದು. ಅದನ್ನು ಮುಗಿಸದೆ ಹಾರಿದರೆ ಪ್ರೀಮಿಯಂ ಕಟ್ಟಿದ್ದರೂ ಕ್ಲೇಮ್ ಬಿದ್ದುಹೋಗಬಹುದು. ಬೋಧಕರ ಅನುಭವಕ್ಕೂ ಪಾಲಿಸಿಯಲ್ಲಿ ಷರತ್ತು ಇರುತ್ತದೆ, ಅದನ್ನೂ ನೋಡು.

ಇನ್ನು ವಿಮಾನದ ಮೌಲ್ಯ. ಸಣ್ಣ ವಿಮಾನಗಳಿಗೆ ಹೆಚ್ಚಾಗಿ ಮೊದಲೇ ಒಪ್ಪಿಕೊಂಡ ಮೊತ್ತಕ್ಕೆ ವಿಮೆ ಮಾಡುತ್ತಾರೆ. ಪ್ರೀಮಿಯಂ ಇಳಿಯಲಿ ಅಂತ ಆ ಮೊತ್ತವನ್ನು ಇಳಿಸಬೇಡ. 100 ಬೆಲೆಬಾಳುವುದನ್ನು 60ಕ್ಕೆ ಮಾಡಿಸಿದೆ ಅಂದುಕೋ. ಇಳಿಯುವಾಗ ತಿರುಗುತ್ತಿರುವ ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಎಂಜಿನ್ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ಎಲ್ಲ ಸೇರಿ ರಿಪೇರಿಗೆ 45 ಆಯಿತು. ಹಾಳಾದ ವಿಮಾನವನ್ನು ಇದ್ದ ಹಾಗೇ ಮಾರಿದರೆ 30 ಬರುತ್ತದೆ. ನಿನಗೆ 60 ಕೊಟ್ಟು, ವಿಮಾನ ತಾನೇ ತೆಗೆದುಕೊಂಡು ಮಾರಿದರೆ ಕಂಪನಿಯ ಕೈಯಿಂದ ಹೋಗುವುದು ಬರೀ 30. ಅವರಿಗೆ ರಿಪೇರಿ ಯಾಕೆ ಬೇಕು? ಪಾಲಿಸಿ ಒಪ್ಪಿದರೆ ಪೂರ್ತಿ ನಷ್ಟ ಅಂತ ಬರೆದು ಮುಗಿಸುತ್ತಾರೆ. 60ಕ್ಕೆ ಅಂಥ ಇನ್ನೊಂದು ವಿಮಾನ ನಿನಗೆ ಸಿಗುವುದಿಲ್ಲ.

ಲಯಬಿಲಿಟಿ ಮೊತ್ತ, ಅಂದರೆ ನಿನ್ನ ವಿಮಾನದಿಂದ ಬೇರೆಯವರಿಗೆ ಆದ ಹಾನಿಗೆ ಕಂಪನಿ ಕೊಡುವ ಹಣ, ದೊಡ್ಡದಾಗಿ ಕಂಡರೂ ಒಬ್ಬ ಪ್ರಯಾಣಿಕರಿಗೆ ಎಷ್ಟು ಅಂತ ಬೇರೆ ಮಿತಿ ಇರುತ್ತದೆಯಾ ಕೇಳು. ಕೆಲವು ಪಾಲಿಸಿಗಳಲ್ಲಿ ಅದು ಒಟ್ಟು ಮೊತ್ತದ 10ರಲ್ಲಿ 1 ಭಾಗ ಅಷ್ಟೆ. ನಿನ್ನ ಪಕ್ಕದ ಸೀಟಿನಲ್ಲಿ ಕೂರುವವರು ನಮ್ಮವರೇ ಅಲ್ವಾ.

ಈ ವಾರವೇ ಲಾಗ್‌ಬುಕ್ ತೆಗೆದು ಗಂಟೆಗಳನ್ನು ಸರಿಯಾಗಿ ಕೂಡಿಸಿಡು. ಅರ್ಜಿಯಲ್ಲಿ ಸುಮ್ನೆ ಅಂದಾಜಿನ ಅಂಕಿ ಬರೆಯಬೇಡ, ಕ್ಲೇಮ್ ಬಂದಾಗ ಮೊದಲು ತೆರೆದು ನೋಡುವುದೇ ಆ ಪುಸ್ತಕವನ್ನು. ಮುಂಗಡ ಕೊಡುವ ಮೊದಲೇ ದರ ಕೈಗೆ ಬರಲಿ, ಯಾಕೆಂದರೆ ಕಡಿಮೆ ಗಂಟೆಯ ಪೈಲಟ್‌ಗೆ ಕೆಲವು ಮಾಡೆಲ್‌ಗಳಿಗೆ ಯಾರೂ ವಿಮೆ ಕೊಡದೆಯೂ ಇರಬಹುದು. ಪಾಲಿಸಿಯ ಕರಡು ಬಂದ ಕೂಡಲೇ ಪೈಲಟ್ ಷರತ್ತಿನ ಪುಟವನ್ನು ನನಗೂ ಕಳಿಸು, ಓದಿ ಫೋನ್ ಮಾಡುತ್ತೇನೆ.

ಪ್ರೀತಿಯಿಂದ,
ಅಮ್ಮ