ಕಾಣೆಯಾದವರಿಗೆ ಒಂದೇ ಫೋಟೊ ಸಾಲದು

ಮಾನ್ಯರೇ,

ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ನಾನು ತಪ್ಪದೇ ಓದುತ್ತೇನೆ. ಎಲ್ಲದರಲ್ಲೂ ಅದೇ ಒಕ್ಕಣೆ. ಐದೂವರೆ ಅಡಿ ಎತ್ತರ, ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಪಕ್ಕದಲ್ಲಿ ಅಂಚೆಚೀಟಿಯಷ್ಟು ಒಂದು ಫೋಟೊ, ಅದೂ ಯಾವುದೋ ಅರ್ಜಿಗೆ ಅಂತ ಉಸಿರು ಬಿಗಿಹಿಡಿದು ಸ್ಟುಡಿಯೊದಲ್ಲಿ ತೆಗೆಸಿದ್ದು. ಈ ಚಹರೆಗೆ ಹೊಂದುವವರು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಯಾವ ಹೊತ್ತಿಗೆ ಹೋದರೂ ಸಿಗುತ್ತಾರೆ. ಇಷ್ಟನ್ನು ನೋಡಿಕೊಂಡು ಒಬ್ಬರ ಗುರುತು ಹಿಡಿಯಿರಿ ಅಂದರೆ ಹೇಗೆ ಸ್ವಾಮಿ?

ಮನೆಯವರಿಗೆ ಆ ಒಂದು ಫೋಟೊ ಸಾಕು. ನಕ್ಕಾಗ, ಜ್ವರ ಬಂದಾಗ, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಾಗ, ಹೀಗೆ ಆ ಮುಖವನ್ನು ಎಲ್ಲಾ ಥರದಲ್ಲೂ ನೋಡಿರುವ ಅವರಿಗೆ ಯಾವ ಫೋಟೊ ಕೊಟ್ಟರೂ ಆ ಮನುಷ್ಯನೇ ಕಾಣುತ್ತಾನೆ. ಗುರುತಿಲ್ಲದ ನಮಗೆ ಕಾಣುವುದು ಆ ಫೋಟೊ ಮಾತ್ರ. ಈ ವ್ಯತ್ಯಾಸ ನಾವು ಅಂದುಕೊಂಡಿರುವುದಕ್ಕಿಂತ ಜಾಸ್ತಿ. 2011ರಲ್ಲಿ ಬ್ರಿಟನ್ನಿನ ಸಂಶೋಧಕರು 40 ಫೋಟೊಗಳನ್ನು ಜನರ ಕೈಗೆ ಕೊಟ್ಟು, ಒಬ್ಬೊಬ್ಬರ ಫೋಟೊಗಳನ್ನು ಒಂದೊಂದು ಗುಂಪು ಮಾಡಿ ಅಂದರು. ಇದ್ದದ್ದು ಇಬ್ಬರೇ ಹೆಂಗಸರು, ತಲಾ 20 ಫೋಟೊ, ಇಬ್ಬರೂ ನೆದರ್ಲೆಂಡ್ಸಿನಲ್ಲಿ ಹೆಸರಾದವರು. ಆ ಮುಖಗಳ ಪರಿಚಯವೇ ಇಲ್ಲದ ಬ್ರಿಟನ್ನಿನವರು ಏಳೆಂಟು ಜನರಿದ್ದಾರೆ ಅಂತ ಗುಂಪು ಮಾಡಿದರು, ಕೆಲವರಂತೂ ಅದಕ್ಕೂ ಜಾಸ್ತಿ. ನೆದರ್ಲೆಂಡ್ಸಿನವರಿಗೆ ಅದೇ ಫೋಟೊಗಳು ಸಲೀಸು. ಗಮನಿಸಿ, ಬ್ರಿಟನ್ನಿನವರು ಇಬ್ಬರನ್ನು ಒಬ್ಬರೆಂದು ಕಲಸಿದ್ದು ಬಹಳ ಕಡಿಮೆ. ಒಬ್ಬರನ್ನೇ ನಾಲ್ಕಾರು ಜನ ಮಾಡಿದ್ದೇ ಹೆಚ್ಚು. ಕಾಣೆಯಾದವರ ವಿಷಯದಲ್ಲಿ ಇದೇ ಅಲ್ವಾ ಆಗುವುದು? ಎದುರಿಗೇ ಕೂತಿರುತ್ತಾರೆ, ಫೋಟೊದಲ್ಲಿ ಇದ್ದವರು ಬೇರೆ ಯಾರೋ ಅಂತ ನಾವು ಎದ್ದು ಹೋಗುತ್ತೇವೆ.

ಇದಕ್ಕೆ ತರಬೇತಿ ಕೊಟ್ಟರಾಯಿತು ಅನ್ನಬೇಡಿ. ದಿನವಿಡೀ ಮುಖ ಹೋಲಿಸುವುದೇ ಕೆಲಸವಾಗಿದ್ದ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷೆ ಮಾಡಿದಾಗ ಅವರು ಕಾಲೇಜು ಹುಡುಗರಿಗಿಂತ ಮೇಲೇನೂ ಇರಲಿಲ್ಲ. ಇದು 2014ರ ಮಾತು.

ಇನ್ನು ಆ ಕೋಲು ಮುಖದ ಕಥೆ. ನಾವು ಮುಖವನ್ನು ಮೂಗು ಒಂದು ಕಡೆ, ಬಾಯಿ ಒಂದು ಕಡೆ ಅಂತ ಬಿಡಿಬಿಡಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಇಡಿಯಾಗಿ ನೋಡುತ್ತೇವೆ. ಇದೇ ಪತ್ರಿಕೆಯನ್ನು ತಲೆಕೆಳಗೆ ಹಿಡಿಯಿರಿ. ಮುಖಗಳನ್ನು ಗುರುತಿಸಲು ತಡವರಿಸುತ್ತೀರಿ, ಮನೆ, ವಿಮಾನದ ಚಿತ್ರಗಳು ಅಷ್ಟು ಕಾಡುವುದಿಲ್ಲ. ರಾಬರ್ಟ್ ಯಿನ್ ಎಂಬ ಸಂಶೋಧಕರು 1969ರಲ್ಲೇ ಇದನ್ನು ತೋರಿಸಿದ್ದರು. ಕಲಿತ ಮುಖದ ಮೂಗನ್ನು ಬೇರೆ ಮಾಡಿ ತೋರಿಸಿದರೆ ಅದು ಯಾರ ಮೂಗು ಅನ್ನುವುದು ಜನಕ್ಕೆ ಕಷ್ಟ, ಅದೇ ಮೂಗು ಮುಖದೊಳಗಿದ್ದರೆ ಸುಲಭ ಅನ್ನುವುದೂ 1993ರ ಒಂದು ಪ್ರಯೋಗದಿಂದ ಗೊತ್ತಾಗಿದೆ. ಹೀಗಿರುವಾಗ ‘ನೀಳ ಮೂಗು’ ಅಂತ ಬರೆದು ಯಾರಿಗೆ ಪ್ರಯೋಜನ? ಠಾಣೆಯ ನಮೂನೆಯಲ್ಲಿ ಖಾಲಿ ಜಾಗ ಇದೆ ಅಂತ ಸುಮ್ನೆ ತುಂಬಿಸುತ್ತಾರೆ, ಅಷ್ಟೇ. ಹಣೆಯ ಮೇಲಿನ ಗಾಯದ ಗುರುತು, ಕುಂಟು ನಡಿಗೆ, ಕೈಮೇಲಿನ ಹಚ್ಚೆ, ಇವನ್ನು ಬರೆಯಲಿ, ಬೇಡ ಅನ್ನುವುದಿಲ್ಲ.

ಗುರುತಿಲ್ಲದವರನ್ನು ನೋಡುವಾಗ ನಮ್ಮ ಕಣ್ಣು ಕೂದಲು, ತಲೆಯ ಆಕಾರದ ಕಡೆಗೇ ಜಾಸ್ತಿ ಹೋಗುತ್ತದೆ. ಮರೆವಿನ ಕಾಯಿಲೆಯ ಅಜ್ಜ ಮನೆ ಬಿಟ್ಟು ಎರಡು ವಾರವಾದರೆ ಗಡ್ಡ ಬಂದಿರುತ್ತದೆ, ಕೂದಲು ಕೆದರಿರುತ್ತದೆ. ಎಣ್ಣೆ ಹಚ್ಚಿ ಬಾಚಿದ ಫೋಟೊ ಆಗ ದಾರಿ ತಪ್ಪಿಸುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪ್ರತಿ ಪ್ರಕಟಣೆಗೆ ಮೂರ್ನಾಲ್ಕು ಫೋಟೊ ಹಾಕಿ. ಮದುವೆಮನೆಯಲ್ಲಿ ನಗುತ್ತಿರುವುದು, ಪಕ್ಕದಿಂದ ತೆಗೆದದ್ದು, ಗಡ್ಡ ಬಿಟ್ಟಿದ್ದಾಗಿನದು, ಮೊಬೈಲಿನಲ್ಲಿ ತೆಗೆದ ಸಾದಾ ಫೋಟೊ ಆದರೂ ಪರವಾಗಿಲ್ಲ. ಒಂದಕ್ಕಿಂತ ಹೆಚ್ಚು ಫೋಟೊ ಇದ್ದಾಗ ಗುರುತಿಲ್ಲದ ಮುಖವನ್ನು ಹೋಲಿಸುವಾಗ ತಪ್ಪು ಕಡಿಮೆಯಾಗುತ್ತದೆ ಅನ್ನುವುದು ಪ್ರಯೋಗದಲ್ಲಿ ಕಂಡಿರುವ ಮಾತು. ಜಾಗ ಇಲ್ಲ ಅನ್ನುವುದಾದರೆ ಮೈಬಣ್ಣ ಮೈಕಟ್ಟಿನ ಸಾಲು ತೆಗೆಯಿರಿ, ಮೂಲೆಯಲ್ಲಿ ಒಂದು ಕ್ಯುಆರ್ ಕೋಡ್ ಕೊಟ್ಟು ಉಳಿದ ಫೋಟೊಗಳನ್ನು ಅಲ್ಲಿ ಹಾಕಿ. ಪೊಲೀಸರು ಒಂದೇ ಫೋಟೊ ಕಳಿಸಿದರೆ ಇನ್ನೆರಡು ಕೇಳಿ ತರಿಸಿಕೊಳ್ಳಿ. ಈಗ ಯಾರ ಮನೆಯಲ್ಲೂ ಫೋಟೊಗಳಿಗೆ ಬರ ಇಲ್ಲ.

ನಿಮ್ಮ ಓದುಗ,
ತಿಪಟೂರು