ಕಾಮಿಕ್ ಕಾನ್‌ಗೆ ಹೋಗಿ, ಆದರೆ ದುಡ್ಡು ನೋಡಿಕೊಂಡು ಖರ್ಚು ಮಾಡಿ

ಸಂಪಾದಕರೇ,

ಮಡಿಕೇರಿ, ವಿರಾಜಪೇಟೆ ಕಡೆಯ ಎಷ್ಟೋ ಕಾಲೇಜು ಮಕ್ಕಳು ಬೆಂಗಳೂರಿನ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಪ್ರಿಯರ ಮೇಳಕ್ಕೆ ಹೋಗಲು ಪಾಕೆಟ್ ಮನಿ ಕೂಡಿಡುತ್ತಾರೆ. ಹೋಗಲಿ, ಖುಷಿಪಡಲಿ. ಆದರೆ ನಮ್ಮ ಜಿಲ್ಲೆಗೆ ರೈಲಿಲ್ಲ, ಬೆಂಗಳೂರು ಸುಮಾರು 250 ಕಿಲೋಮೀಟರ್ ದೂರ, ಹಾಗಾಗಿ ಮೇಳದ ಬಾಗಿಲು ತಲುಪುವ ಮೊದಲೇ ಬಸ್ಸು, ರೂಮು, ಊಟ ಅಂತ ದುಡ್ಡು ಕರಗಿರುತ್ತದೆ.

ಕ್ಯಾಬ್‌ಗೆ ಸುಮ್ನೆ ಯಾಕೆ ಸುರಿಯಬೇಕು? ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು, ಹತ್ತಿರದ ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಪೂರ್ತಿ ಓಡುತ್ತಿದೆ. ಮೇಳ ಹಲವು ಸಲ ನಡೆದಿರುವ ವೈಟ್‌ಫೀಲ್ಡ್‌ಗೆ ಎಲ್ಲೂ ರೈಲು ಬದಲಿಸದೆ ಹೋಗಬಹುದು.

ಒಳಗೆ ಹೋದ ತಕ್ಷಣ ಕೊಳ್ಳಬೇಡಿ. ಒಂದು ಸುತ್ತು ನೋಡಿ. ಕಂಪನಿಗಳ ಗೊಂಬೆ, ಟೀ ಶರ್ಟು ಆಮೇಲೆ ಆನ್‌ಲೈನ್‌ನಲ್ಲೂ ಸಿಗುತ್ತವೆ, ಎಷ್ಟೋ ಸಲ ಕಡಿಮೆಗೇ. ಆದರೆ ಮೂಲೆಯ ಮೇಜಿನಲ್ಲಿ ತಾವೇ ಬರೆದ ಚಿತ್ರ, ತಾವೇ ಅಚ್ಚು ಹಾಕಿಸಿದ ಪುಸ್ತಕ ಇಟ್ಟುಕೊಂಡು ಕೂತ ಕಲಾವಿದರಿರುತ್ತಾರಲ್ಲ, ಅವರ ಹತ್ತಿರ ಕೊಳ್ಳಿ, ಮಾತಾಡಿ, ಸಹಿ ಹಾಕಿಸಿಕೊಳ್ಳಿ. ಆ ದುಡ್ಡು ನೇರ ಅವರಿಗೇ ಸೇರುತ್ತದೆ, ನನ್ನ ಪ್ರಕಾರ ಮೇಳದ ಜೀವವೇ ಅವರು. ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾ ಹೋದರೆ ಲೆಕ್ಕ ಸಿಗುವುದಿಲ್ಲ, ನಗದು ಒಯ್ಯಿರಿ. ಕಾಸ್‌ಪ್ಲೇ ಬಟ್ಟೆ, ಅಂದರೆ ಇಷ್ಟದ ಪಾತ್ರದ ವೇಷ, ಊರಿನ ಟೈಲರ್ ಹತ್ತಿರವೇ ಹೊಲಿಸಿ.

ಆಯೋಜಕರಿಗೂ ಒಂದು ಮನವಿ. ಮೈಸೂರಿನಲ್ಲಿ ಒಂದು ಸಣ್ಣ ಮೇಳ ಮಾಡಿ. ನಮ್ಮ ಮಕ್ಕಳು ಬೆಳಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು, ರೂಮಿನ ಖರ್ಚೇ ಇರುವುದಿಲ್ಲ ಅಲ್ವಾ?

– ಓದುಗರೊಬ್ಬರು, ಸೋಮವಾರಪೇಟೆ