ಮಗಳಿಗೊಂದು ಪತ್ರ: ಜುಲೈ ತಿಂಗಳ ಲೆಕ್ಕ

ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಎಕ್ಸೆಲ್ ಶೀಟನ್ನು ಪ್ರಿಂಟ್ ತೆಗೆಸಿ ಮೂರು ಸಲ ಓದಿದೆ. ಮಡಿಕೇರಿಯಲ್ಲಿ ನೀನು ಪುಸ್ತಕದಂಗಡಿ ತೆರೆಯುವುದು ನನಗೂ ಇಷ್ಟವೇ. ಆದರೆ ಜನವರಿಗೂ ಒಂದು ಲಕ್ಷ ವ್ಯಾಪಾರ, ಜುಲೈಗೂ ಒಂದು ಲಕ್ಷ ಅಂತ ಬರೆದಿದ್ದೀಯಲ್ಲ, ನೀನು ಹುಟ್ಟಿ ಬೆಳೆದದ್ದು ಕೊಡಗಿನಲ್ಲೇ ಅಲ್ವಾ? ನಾಲ್ಕು ವರ್ಷ ಮೈಸೂರಿನಲ್ಲಿದ್ದು ಮಳೆಯೇ ಮರೆತುಹೋಯಿತಾ?

ಇಲ್ಲಿ ಜನರ ಕೈಯಲ್ಲಿ ದುಡ್ಡು ಓಡಾಡೋದು ಕಾಫಿ ಮಾರಿದ ಮೇಲೆ. ಮೊದಲು ಅರೇಬಿಕಾ ಕುಯ್ಲು, ಆಮೇಲೆ ರೋಬಸ್ಟಾ. ಮಾರ್ಚ್, ಏಪ್ರಿಲ್ ಹೊತ್ತಿಗೆ ಜೇಬು ಬೆಚ್ಚಗಿರುತ್ತದೆ. ಜೂನ್ ಬಂತೆಂದರೆ ಕೊಡೆ ಹಿಡಿದು ಪೇಟೆಗೆ ಬಂದವರು ಅಕ್ಕಿ, ಮೀನು ತಗೊಂಡು ಮನೆ ಸೇರುತ್ತಾರೆ. ಮಳೆ ನೋಡಲು ಬಂದ ಟೂರಿಸ್ಟರು ಹೋಂಸ್ಟೇ ಬಿಟ್ಟು ಕದಲುವುದಿಲ್ಲ.

ಸುಂಟಿಕೊಪ್ಪದಲ್ಲಿ ದಿನಸಿ ಅಂಗಡಿ ಇಟ್ಟ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದೆ. ಇದ್ದ ದುಡ್ಡನ್ನೆಲ್ಲ ಮೇ ತಿಂಗಳಲ್ಲೇ ಸಾಮಾನಿಗೆ ಸುರಿದೆ. ಜುಲೈನಲ್ಲಿ ಗೋಡೆಗೆ ತಾಗಿದ್ದ ಸಕ್ಕರೆ ಮೂಟೆ ನೀರೊಡೆಯಿತು. ಬೆಂಕಿಕಡ್ಡಿ ಗೀರಿದರೆ ಹತ್ತಲಿಲ್ಲ. ಆಗಸ್ಟ್ ಬಾಡಿಗೆಗೆ ಅಮ್ಮನ ಬಳೆ ಅಡ ಇಟ್ಟೆ. ಅವಳು ಇವತ್ತಿಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ವಾಸಿಯಿತ್ತು.

ಇನ್ನು ಎಲ್ಲರಿಗೂ 10 ಪರ್ಸೆಂಟ್ ಡಿಸ್ಕೌಂಟ್ ಅಂತ ಬರೆದಿದ್ದೀಯ. ಪ್ರಕಾಶಕರು ನಿನಗೆ ಕೊಡುವುದು 30 ಪರ್ಸೆಂಟ್ ಅಂತ ನೀನೇ ಹೇಳಿದೆ. ಅಂದರೆ 250 ರೂಪಾಯಿ ಪುಸ್ತಕ 175ಕ್ಕೆ ಸಿಗುತ್ತದೆ, 75 ಉಳಿಯುತ್ತದೆ. ಬಾಡಿಗೆ, ಹುಡುಗಿಯ ಸಂಬಳ, ಕರೆಂಟು, ಮೈಸೂರಿನಿಂದ ಬರುವ ಪಾರ್ಸೆಲ್ಲು ಸೇರಿ ತಿಂಗಳಿಗೆ 25,000 ಖರ್ಚು. ಅದು ಹುಟ್ಟಲು 334 ಪುಸ್ತಕ ಮಾರಬೇಕು. ನೀನು 25 ರೂಪಾಯಿ ಬಿಟ್ಟುಕೊಟ್ಟರೆ ಉಳಿಯೋದು 50. ಆಗ 500 ಪುಸ್ತಕ ಹೋಗಬೇಕು! ಇದರಲ್ಲಿ ನಿನ್ನ ಸಂಬಳ ಒಂದು ರೂಪಾಯಿಯೂ ಇಲ್ಲ, ನೋಡು. ಆನ್‌ಲೈನಿನವರ ಜೊತೆ ಬೆಲೆಯಲ್ಲಿ ಸುಮ್ನೆ ಗುದ್ದಾಡಬೇಡ.

ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಸರಿ. ಆದರೆ ರ‍್ಯಾಕಿಗೂ ಕಂಪ್ಯೂಟರಿಗೂ ಕಟ್ಟುವ ಜಿಎಸ್‌ಟಿ ವಾಪಸ್ ಬರುವುದಿಲ್ಲ, ಪುಸ್ತಕ ಮಾರಿದಾಗ ತೆರಿಗೆಯೇ ಇಲ್ಲದ್ದರಿಂದ ಅದನ್ನು ಕಳೆಯಲು ಜಾಗವಿಲ್ಲ. ಅದನ್ನೂ ಖರ್ಚಿಗೇ ಬರಿ.

ಬಂಡವಾಳದ ಆರು ಲಕ್ಷದಲ್ಲಿ ನಾಲ್ಕು ಲಕ್ಷ ಪುಸ್ತಕಕ್ಕೇ ಇಟ್ಟಿದ್ದೀಯ. ಎರಡೂವರೆಗೆ ಇಳಿಸು. ಅದರಲ್ಲೇ ಸಾವಿರದ ನಾನೂರು ಪುಸ್ತಕ ಬರುತ್ತವೆ, ಆ ಮಳಿಗೆಗೆ ಸಾಕು. ಮಿಕ್ಕ ಪುಸ್ತಕಗಳನ್ನು 'ಮಾರಿದ ಮೇಲೆ ದುಡ್ಡು, ಉಳಿದರೆ ವಾಪಸ್' ಅನ್ನುವ ಪ್ರಕಾಶಕರಿಂದ ತರಿಸು. ಬೂಷ್ಟು ಹಿಡಿದ ಪುಸ್ತಕವನ್ನು ಮಾತ್ರ ಯಾರೂ ವಾಪಸ್ ತಗೊಳ್ಳುವುದಿಲ್ಲ. ಅದಕ್ಕೇ ತೇವ ಎಳೆಯುವ ಮೆಷಿನ್ನಿಗೂ ಜೂನ್‌ನಲ್ಲಿ ಶಾಲೆ ಮಕ್ಕಳು ಕೇಳುವ ನೋಟ್‌ಬುಕ್ಕಿಗೂ 50,000 ಇರಲಿ. ಒಂದು ಲಕ್ಷ ಬೇರೆ ಖಾತೆಗೆ ಹಾಕು. ಅದು ಜೂನ್‌ನಿಂದ ಸೆಪ್ಟೆಂಬರ್ ತನಕದ ಖರ್ಚು. ಎಷ್ಟೇ ಒಳ್ಳೆಯ ಪುಸ್ತಕ ಬಂದರೂ ಅದನ್ನು ಮುಟ್ಟಬೇಡ.

ಸಣ್ಣ ವ್ಯಾಪಾರಕ್ಕೆ ಸರ್ಕಾರದ ಯೋಜನೆಯಲ್ಲಿ ಸಿಗುವ ಮುದ್ರಾ ಸಾಲದ ಬಗ್ಗೆ ನೀನು ಕೇಳಿದ್ದೆ. ಅದರ ಕಿಶೋರ್ ಅನ್ನುವ ವಿಭಾಗದಲ್ಲಿ 5 ಲಕ್ಷದ ತನಕ ಅಡಮಾನ ಇಲ್ಲದೆ ಕೊಡುತ್ತಾರೆ. ಆದರೆ ಅದರ ಕಂತು ಜುಲೈಗೂ ಬರುತ್ತದೆ. ಕಡಿಮೆ ಬಿದ್ದರೆ ನನ್ನನ್ನೇ ಕೇಳು. ನಾನು ವಸೂಲಿಗೆ ಬರುವುದು ಕಾಫಿ ಮಾರಿದ ಮೇಲೆ.

ಮಳಿಗೆಯವರಿಗೆ ಅಡ್ವಾನ್ಸ್ ಈಗಲೇ ಕೊಡಬೇಡ. ಭಾನುವಾರ ಬಾ, ಮಳೆ ಜೋರಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ಗೋಡೆಯನ್ನು ಒಮ್ಮೆ ಕೈಯಿಟ್ಟು ನೋಡಬೇಕು. ಟಾರ್ಚ್ ನಾನು ತರುತ್ತೇನೆ.

ನಿನ್ನ ಅಪ್ಪ